ಪೀಪಾಯಿಗೆ ಒಂದೇ ಗೋಲಿಯ ಕೈಪಂಪು

ಗೋವೆಯ ಫೋಂಡಾ, ಸತ್ತರಿ, ಸಾಂಗೆ, ಕಾಣಕೋಣ ಭಾಗದ ಕುಳಾಗರಗಳಲ್ಲಿ ದುಡಿಯುವ ನಮ್ಮ ಕನ್ನಡ ಬಾಂಧವರಿಗೆ ಪೀಪಾಯಿ ಹೊಸ ವಸ್ತುವಲ್ಲ. ಆ ಹೆಸರು ಸಹ ಪೋರ್ತುಗೀಜರ ‘ಪಿಪಾ’ ಎಂಬ ಮಾತಿನಿಂದಲೇ ನಮ್ಮ ಭಾಷೆಗೆ ಬಂದದ್ದು. ತೋಟದ ಮನೆಯ ಮೂಲೆಯಲ್ಲಿ ಒಂದು ಪೀಪಾಯಿಯಲ್ಲಿ ನೀರೆತ್ತುವ ಎಂಜಿನ್ನಿನ ಡೀಸೆಲ್ ಇರುತ್ತದೆ; ಇನ್ನೊಂದರಲ್ಲಿ ಜೀವಾಮೃತ; ಮಳೆಗಾಲ ಹತ್ತಿರವಾದಾಗ ಮತ್ತೊಂದರಲ್ಲಿ ಮೈಲುತುತ್ತದ ನೀರು. ಪೀಪಾಯಿಯನ್ನು ತುಂಬುವದು ಸುಲಭ. ಅದರಿಂದ ಬೇಕಾದಷ್ಟೇ ತೆಗೆಯುವದು ಕಷ್ಟ.

ಸಾಧಾರಣವಾಗಿ ಜನರು ಏನು ಮಾಡುತ್ತಾರೆ? ನಳಿಗೆಯ ಒಂದು ತುದಿಯನ್ನು ಪೀಪಾಯಿಯೊಳಗೆ ಬಿಟ್ಟು, ಇನ್ನೊಂದನ್ನು ಬಾಯಿಗಿಟ್ಟು ಎಳೆಯುತ್ತಾರೆ. ಈ ರೂಢಿ ಬಹಳ ಕೆಟ್ಟದ್ದು. ಡೀಸೆಲ್ ಇಲ್ಲವೆ ಸೀಮೆಎಣ್ಣೆ ಬಾಯಿಗೆ ಬಂದಾಗ ಕೆಮ್ಮು ಹತ್ತಿ, ತುಸು ಎಣ್ಣೆ ಶ್ವಾಸಕೋಶಕ್ಕೆ ಇಳಿಯುವದುಂಟು. ಹೊಟ್ಟೆಗೆ ಹೋದ ಎಣ್ಣೆಗಿಂತ ಶ್ವಾಸಕೋಶಕ್ಕೆ ಹೋದ ಎಣ್ಣೆಯೇ ಹೆಚ್ಚು ಅಪಾಯಕಾರಿ. ಅದರಿಂದ ಉರಿಯೂತವಾಗಿ ಉಸಿರಾಟವೇ ಕಷ್ಟವಾಗುತ್ತದೆ. ಹೀಗಾದವನಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಕೂಡದು; ವಾಂತಿಯ ಜೊತೆಗೆ ಎಣ್ಣೆ ಮತ್ತೊಮ್ಮೆ ಶ್ವಾಸನಾಳಕ್ಕೆ ಹೋಗುತ್ತದೆ. ತಡಮಾಡದೆ ೧೦೮ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು. ಹೀಗೆ ಬಾಯಿಯಿಂದ ಎಳೆಯುವವನು ಹೆಚ್ಚಾಗಿ ಕೂಲಿಯ ಆಳೇ ಎಂಬದನ್ನು ತೋಟದ ಯಜಮಾನರು ಮರೆಯಬಾರದು.

ಪೇಟೆಯಲ್ಲಿ ಪೀಪಾಯಿಯ ಪಂಪುಗಳು ಸಿಗುತ್ತವೆ. ಆದರೆ ಅಗ್ಗದ ಪಂಪುಗಳ ವಾಶರು ಬೇಗ ಸವೆಯುತ್ತದೆ, ಕಬ್ಬಿಣದ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ಪಂಪಿನಲ್ಲಿ ಅಲುಗಾಡುವ ಭಾಗಗಳು ಹೆಚ್ಚಾದಷ್ಟೂ ಕೆಡುವ ಸ್ಥಳಗಳೂ ಹೆಚ್ಚು. ನಮ್ಮ ದೇಶದ ಊರ ಬೋರಿನ ಪಂಪುಗಳು ಕಲಿಸಿದ ಪಾಠವೂ ಇದೇ. ಸೊಲ್ಲಾಪುರದಲ್ಲಿ ತಯಾರಾಗುತ್ತಿದ್ದ ಗಟ್ಟಿ ಪಂಪಿನ ಆಧಾರದ ಮೇಲೆ ೧೯೭೦ರ ದಶಕದಲ್ಲಿ ಸರಕಾರವೂ ಯುನಿಸೆಫ್ ಸಂಸ್ಥೆಯೂ ಕೂಡಿ ಇಂಡಿಯಾ ಮಾರ್ಕ್-೨ ಪಂಪನ್ನು ರೂಪಿಸಿದವು. ಅದು ಗಟ್ಟಿಯಾಗಿತ್ತು, ಆದರೆ ವಾಶರು ಬದಲಿಸಲು ಇಡೀ ಕೊಳವೆಯನ್ನೇ ಮೇಲೆತ್ತಬೇಕಾಗುತ್ತಿತ್ತು. ಆದ್ದರಿಂದ ಮುಂದೆ ಮಾರ್ಕ್-೩ರಲ್ಲಿ ಕೊಳವೆಯನ್ನು ಕದಲಿಸದೆ ಒಳಗಿನ ಪಿಸ್ಟನ್ನನ್ನು ಹೊರತೆಗೆಯುವ ಏರ್ಪಾಡು ಮಾಡಿದರು. ಊರವರೇ ರಿಪೇರಿ ಮಾಡಬಲ್ಲ ಪಂಪೇ ನಂಬಿಗೆಯ ಪಂಪು.

ಪೀಪಾಯಿಗೆ ಅಷ್ಟು ಸಹ ಬೇಡ. ಅದರ ಎತ್ತರ ಮೂರಡಿಯೊಳಗೆ. ಇಷ್ಟಕ್ಕೆ ಪಿಸ್ಟನ್ನೂ ವಾಶರೂ ಇಲ್ಲದೆ, ಒಂದು ಕೊಳವೆ ಮತ್ತು ಒಂದು ಗಾಜಿನ ಗೋಲಿ ಸಾಕು.

ಬೇಕಾಗುವ ಸಾಮಾನು: ೨೫ ಮಿಲಿಮೀಟರಿನ ಪಿ.ವಿ.ಸಿ. ಪೈಪು ಮೂರೂವರೆ ಅಡಿ, ಅದೇ ಪೈಪಿನ ಒಂದು ಗೇಣಿನ ತುಂಡು, ಒಂದು ಎಲ್ಬೋ, ಹುಡುಗರು ಆಡುವ ಸುಮಾರು ೧೬ ಮಿಲಿಮೀಟರಿನ ಗೋಲಿ, ಹಲಸು ಅಥವಾ ಸಾಗವಾನಿಯ ಒಂದು ಇಂಚು ಉದ್ದದ ಬೆಣೆ, ಪೈಪಿಗೆ ಹಚ್ಚುವ ಅಂಟು, ತುಸು ತಾಮ್ರದ ತಂತಿ, ಆರೇಳು ಅಡಿ ಮೆದು ನಳಿಗೆ.

ಮಾಡುವ ರೀತಿ: ಬೆಣೆಯನ್ನು ಪೈಪಿನೊಳಗೆ ಬಿಗಿಯಾಗಿ ಕೂಡುವಂತೆ ದುಂಡಗೆ ಕೆತ್ತಿ, ನಡುವೆ ೧೨ ಮಿಲಿಮೀಟರಿನ ತೂತು ಕೊರೆಯಿರಿ. ತೂತಿನ ಮೇಲಂಚಿನಲ್ಲಿ ನುಣುಪಾದ ಮರಳು ಹಾಕಿ, ಗೋಲಿಯನ್ನಿಟ್ಟು ತಿರುವಿ ತಿರುವಿ ಉಜ್ಜಿರಿ. ಗೋಲಿ ಸುತ್ತಲೂ ಸರಿಯಾಗಿ ತಾಗಿ ಕೂಡಬೇಕು. ಪಂಪಿನ ಜೀವ ಇರುವದು ಇಲ್ಲಿಯೇ. ಬೆಣೆಯನ್ನು ತೊಳೆದು ಪೈಪಿನ ಕೆಳತುದಿಯಲ್ಲಿ ಕೂಡಿಸಿ, ಪಕ್ಕದಿಂದ ಎರಡು ಬಿದಿರಿನ ಮೊಳೆ ಹೊಡೆಯಿರಿ. ಮೇಲಿನಿಂದ ಗೋಲಿಯನ್ನು ಬಿಡಿರಿ. ಬೆಣೆಯ ಮೇಲ್ಮೈಯಿಂದ ಒಂದು ಇಂಚು ಮೇಲೆ ತಾಮ್ರದ ತಂತಿಯನ್ನು ಪೈಪಿಗೆ ಅಡ್ಡಲಾಗಿ ತೂರಿಸಿ, ಎರಡೂ ತೂತುಗಳನ್ನು ಅಂಟಿನಿಂದ ಮುಚ್ಚಿರಿ. ಗೋಲಿ ತುಸುವೇ ಏಳಬೇಕು, ದೂರ ಹೋಗಬಾರದು. ಮೇಲ್ತುದಿಗೆ ಎಲ್ಬೋ, ಅದಕ್ಕೆ ಗೇಣಿನ ತುಂಡು, ಅದಕ್ಕೆ ಮೆದು ನಳಿಗೆ. ಅಂಟು ಒಂದು ರಾತ್ರಿ ಒಣಗಲಿ. ಮರುದಿನ ಪೈಪನ್ನು ನೆಟ್ಟಗೆ ಹಿಡಿದು ನೀರು ತುಂಬಿ ನೋಡಿರಿ. ಹನಿ ಹನಿಯಾಗಿ ಸೋರಿದರೆ ಚಿಂತೆಯಿಲ್ಲ; ಧಾರೆಯಾಗಿ ಸೋರಿದರೆ ಬೆಣೆಯನ್ನು ತೆಗೆದು ಮತ್ತೊಮ್ಮೆ ಉಜ್ಜಿರಿ.

ನಡೆಯಿಸುವ ರೀತಿ: ಪೀಪಾಯಿಯನ್ನು ಎರಡಡಿ ಎತ್ತರದ ಚಿರೆಕಲ್ಲಿನ ಕಟ್ಟೆಯ ಮೇಲೆ ಇಡಿರಿ. ಪೈಪನ್ನು ಒಳಗೆ ಇಳಿಸಿ, ನಳಿಗೆಯ ತುದಿಯನ್ನು ಕೆಳಗಿನ ಕೊಡಕ್ಕೆ ಬಿಡಿರಿ. ಪೈಪನ್ನು ಅರ್ಧ ಗೇಣಿನಷ್ಟು ಮೇಲೆ ಕೆಳಗೆ ಚುರುಕಾಗಿ ಆಡಿಸಿರಿ. ಕೆಳಗೆ ಒತ್ತಿದಾಗ ದ್ರವ ಗೋಲಿಯನ್ನೆತ್ತಿ ಒಳಗೆ ಬರುತ್ತದೆ. ಮೇಲೆತ್ತಿದಾಗ ಗೋಲಿ ಕೂತು ಅದನ್ನು ಹಿಂದಕ್ಕೆ ಬಿಡುವದಿಲ್ಲ. ಹೀಗೆ ಹದಿನೈದಿಪ್ಪತ್ತು ಸಲ ಆಡಿಸುವಷ್ಟರಲ್ಲಿ ದ್ರವ ಎಲ್ಬೋ ದಾಟಿ ನಳಿಗೆಗೆ ಇಳಿಯುತ್ತದೆ. ಆಮೇಲೆ ಕೈ ಬಿಟ್ಟರೂ ಅದು ತಾನಾಗಿ ಹರಿಯುತ್ತದೆ. ನಳಿಗೆಯ ತುದಿ ಪೀಪಾಯಿಯೊಳಗಿನ ಮಟ್ಟಕ್ಕಿಂತ ಕೆಳಗಿದ್ದರಾಯಿತು. ಕೈ ಆರಂಭ ಮಾಡುವದು, ದುಡಿಯುವದು ಕಟ್ಟೆಯ ಎತ್ತರ. ನಿಲ್ಲಿಸಬೇಕಾದಾಗ ನಳಿಗೆಯ ತುದಿಯನ್ನು ಪೀಪಾಯಿಗಿಂತ ಮೇಲೆತ್ತಿರಿ. ಪೀಪಾಯಿಯ ಬಾಯಿಯನ್ನು ಅರಿವೆಯಿಂದ ಬಿಗಿಯಾಗಿ ಮುಚ್ಚಬಾರದು. ಗಾಳಿ ಒಳಗೆ ಹೋಗದಿದ್ದರೆ ದ್ರವ ಹೊರಗೆ ಬರದು.

ಯಾವ ದ್ರವಕ್ಕೆ ಯಾವ ಎಚ್ಚರಿಕೆ ಎಂಬದನ್ನೂ ತಿಳಿದಿರಬೇಕು. ಅಡಿಕೆಯ ಕೊಳೆರೋಗಕ್ಕೆ ಬೇಕಾಗುವ ಬೋರ್ಡೋ ದ್ರಾವಣಕ್ಕೆ ೧ ಕಿಲೋ ಮೈಲುತುತ್ತವನ್ನು ೫೦ ಲೀಟರು ನೀರಿನಲ್ಲಿಯೂ, ೧ ಕಿಲೋ ಸುಣ್ಣವನ್ನು ಬೇರೆ ೫೦ ಲೀಟರು ನೀರಿನಲ್ಲಿಯೂ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಬಿಡುತ್ತಾರೆ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಪೀಪಾಯಿ ಪ್ಲಾಸ್ಟಿಕ್ಕಿನದೇ ಆಗಿರಬೇಕು, ಪಂಪಿನಲ್ಲಿ ಒಂದು ಕಬ್ಬಿಣದ ಮೊಳೆಯೂ ಇರಕೂಡದು. ಬಿದಿರಿನ ಮೊಳೆ, ತಾಮ್ರದ ತಂತಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಸುಣ್ಣದ ನೀರನ್ನು ಮಾತ್ರ ಈ ಪಂಪಿನಿಂದ ತೆಗೆಯಬೇಡಿರಿ. ಅದರ ಕಣಗಳು ಗೋಲಿಯ ಕೆಳಗೆ ಸಿಕ್ಕುತ್ತವೆ. ಜೀವಾಮೃತವನ್ನು ಅರಿವೆಯಲ್ಲಿ ಸೋಸಿದ ಮೇಲೆಯೇ ಪಂಪು ಹಾಕಿರಿ. ಡೀಸೆಲ್ಲಿಗೆ ಸಾದಾ ನೀರಿನ ನಳಿಗೆ ಬಾಳುವದಿಲ್ಲ, ಬಿರುಸಾಗಿ ಒಡೆಯುತ್ತದೆ. ಡೀಸೆಲ್ಲಿಗೆಂದೇ ಮಾರುವ ನಳಿಗೆಯನ್ನು ಕೊಳ್ಳಿರಿ.

ಪೆಟ್ರೋಲಿಗೂ, ಗೋಡಂಬಿ ಹಣ್ಣಿನ ಭಟ್ಟಿಯಲ್ಲಿ ಇಳಿಸಿದ ಫೆಣಿಗೂ ಈ ಪಂಪು ಸಲ್ಲದು. ಅವುಗಳ ಆವಿಗೆ ಒಂದು ಕಿಡಿ ಸಾಕು. ಹುಳದ ಔಷಧದ ಗಟ್ಟಿ ದ್ರವಕ್ಕಂತೂ ಸರ್ವಥಾ ಬೇಡ. ಅದನ್ನು ಬಾಟಲಿಯಿಂದಲೇ ಅಳತೆಯ ಮುಚ್ಚಳದಲ್ಲಿ ತೆಗೆಯತಕ್ಕದ್ದು.

ಒಂದೊಂದು ದ್ರವಕ್ಕೆ ಒಂದೊಂದು ಪಂಪು ಇರಲಿ. ಕೊಳವೆಗೆ ಬೇರೆ ಬೇರೆ ಬಣ್ಣ ಬಳಿದಿಟ್ಟರೆ ಓದು ಬಾರದವರಿಗೂ ಗುರುತು ಸಿಗುತ್ತದೆ. ಡೀಸೆಲ್ಲಿನದನ್ನು ಬಿಟ್ಟು ಉಳಿದವುಗಳನ್ನು ಕೆಲಸ ಮುಗಿದ ಕೂಡಲೆ ಶುದ್ಧ ನೀರಿನಲ್ಲಿ ಆಡಿಸಿ, ನೆರಳಿನಲ್ಲಿ ತೂಗಹಾಕಿರಿ, ಬಿಸಿಲಿಗೆ ಪಿ.ವಿ.ಸಿ. ಪೈಪು ಬೇಗ ಬಿರಿಯುತ್ತದೆ. ಕೊಳೆರೋಗದ ಮೊದಲ ಸಿಂಪರಣೆ ಮಳೆ ಹಿಡಿಯುವ ಮೊದಲೇ ಆಗಬೇಕಾದ್ದರಿಂದ, ಬೇಸಿಗೆಯ ಬಿಡುವಿನಲ್ಲಿಯೇ ಈ ಪಂಪನ್ನು ಮಾಡಿಟ್ಟುಕೊಳ್ಳುವದು ಒಳ್ಳೆಯದು. ಅರ್ಧ ದಿನದ ಕೆಲಸ. ಆಮೇಲೆ ನಿಮ್ಮ ತೋಟದಲ್ಲಿ ಯಾರೂ ನಳಿಗೆಗೆ ಬಾಯಿ ಇಡಬೇಕಾಗಿಲ್ಲ.