ಮೆಟ್ಟಿಲು ಗುಡಿಸುವ ವಾರ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಓದಲು ಹೊರಟಿದ್ದೀಯ, ಸಂತೋಷ ಮಗಳೇ. ಆದರೆ ವಿಮಾನ ಹತ್ತುವ ಮೊದಲೇ ‘ಅಲ್ಲಿ ಯಾರೂ ಯಾರನ್ನೂ ಕೇಳಲ್ಲ ತಾತ, ಅವರವರ ಪಾಡು ಅವರವರಿಗೆ’ ಅಂತ ತೀರ್ಪು ಕೊಟ್ಟುಬಿಟ್ಟೆಯಲ್ಲ! ಆತುರಗಾರನಿಗೆ ಬುದ್ಧಿ ಮಟ್ಟ. ಜಾಣೆ ನೀನು, ಸ್ವಲ್ಪ ಕೂತು ಕೇಳು.

ನಿನ್ನ ಮಾತಿಗೆ ಪುಸ್ತಕದ ಆಧಾರ ಇದೆ, ಇಲ್ಲ ಅನ್ನುವುದಿಲ್ಲ. ಹಾಲೆಂಡಿನ ಗೀರ್ಟ್ ಹಾಫ್‌ಸ್ಟೆಡ್ ದೇಶ ದೇಶಗಳ ಐಬಿಎಂ ನೌಕರರ ಉತ್ತರಗಳನ್ನು ಕಲೆಹಾಕಿ 1980ರಲ್ಲಿ ದೊಡ್ಡ ಗ್ರಂಥ ಬರೆದರು. ‘ನಾನು’ ಅನ್ನುವುದು ಎಲ್ಲಿ ಎಷ್ಟು ಬಲ ಅನ್ನುವ ಅವರ ಲೆಕ್ಕದಲ್ಲಿ ಅಮೆರಿಕಕ್ಕೆ 91, ಜರ್ಮನಿಗೆ 67, ನಮಗೆ 48. ಇರಲಿ. ಸ್ಟುಟ್‌ಗಾರ್ಟ್‌ನಲ್ಲಿ ನಿನ್ನ ಅತ್ತೆಯ ಮನೆಯಲ್ಲಿದ್ದಾಗ ನಾನು ಕಣ್ಣಾರೆ ಕಂಡದ್ದು ಬೇರೆ.

ಆ ಸೀಮೆಯ ವಠಾರಗಳಲ್ಲಿ ‘ಕೇರ್‌ವೋಖೆ’ ಅಂತ ಒಂದು ಕಟ್ಟಳೆ. ಗುಡಿಸುವ ಸರದಿ ಅದು. ಬಾಗಿಲಿಗೆ ಪುಟ್ಟ ಹಲಗೆ ನೇತುಬಿದ್ದರೆ ಆ ವಾರ ಮೆಟ್ಟಿಲೂ ಮುಂದಿನ ಕಾಲುದಾರಿಯೂ ನಿನ್ನ ಪಾಲಿಗೆ. ಕೆಲಸ ಮುಗಿದ ಮೇಲೆ ಹಲಗೆ ಪಕ್ಕದ ಮನೆಗೆ. ಮೇಲಿನ ಮನೆಯ ಅಜ್ಜಿ, ಎಂಬತ್ತು ದಾಟಿದವರು, ಒಂದು ಕೈಯಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಒರೆಸುತ್ತಾ ಇಳಿಯುತ್ತಿದ್ದರು. ನನ್ನ ಕರುಳು ಚುರ್ ಅಂದಿತು. ‘ನಾನು ಒರೆಸಲಾ?’ ಅಂತ ಅತ್ತೆಯ ಮೂಲಕ ಕೇಳಿಸಿದೆ. ‘ಇದು ನನ್ನ ವಾರ’ ಅಂದರು, ಗಂಭೀರವಾಗಿ. ಇಂಥವರನ್ನು ತಮ್ಮ ಪಾಡಿಗೆ ತಾವಿರುವವರು ಅನ್ನುತ್ತೀಯಾ?

ಸುತ್ತಲ ಸಣ್ಣ ಊರುಗಳಲ್ಲಿ ಬೆಂಕಿ ಬಿದ್ದರೆ ಆರಿಸಲು ಬರುವವರು ಸಂಬಳದವರಲ್ಲ, ಬಡಗಿ, ಮೇಷ್ಟ್ರು, ಬೇಕರಿಯವನು. ಜರ್ಮನಿಯಲ್ಲಿ ಇಂಥ ಸ್ವಯಂಸೇವಕ ಅಗ್ನಿಶಾಮಕರೇ ಸುಮಾರು 10 ಲಕ್ಷ ಮಂದಿ.

ಹಾಗಂತ ನಮ್ಮದು ಕೀಳು ಅಂತ ತಿಳಿಯಬೇಡ. ನಿನ್ನ ಅಜ್ಜಿ ಹೋದ ದಿನ ನಾನು ಯಾರನ್ನೂ ಕರೆಯಲಿಲ್ಲ. ಬಿದಿರು ತಂದವರು, ಚಟ್ಟ ಕಟ್ಟಿದವರು, ಒಲೆ ಹಚ್ಚದ ಮನೆಗೆ ಸಂಜೆ ಅನ್ನ ಸಾರು ತಂದಿಟ್ಟವರು ಎಲ್ಲಾ ಬೀದಿಯವರೇ. ಅದೇ ಬೀದಿಯವರು ಕಸದ ಚೀಲವನ್ನು ಮೂಲೆಯ ಖಾಲಿ ಸೈಟಿಗೆ ಎಸೆಯುತ್ತಾರೆ. ನಮ್ಮವರು ಅಂದರೆ ಪ್ರಾಣ ಕೊಡುತ್ತೇವೆ, ಗೇಟಿನಾಚೆಯದು ಯಾರದೂ ಅಲ್ಲ. ಅಲ್ಲಿಯವರು ಹೆಸರು ಗೊತ್ತಿಲ್ಲದವನಿಗೂ ದುಡಿಯುತ್ತಾರೆ, ಕರೆಯದೆ ಬಾಗಿಲು ಮಾತ್ರ ತಟ್ಟುವುದಿಲ್ಲ.

ಅದಕ್ಕೇ ಹೇಳುವುದು: ಜ್ವರ ಬಂದು ಮಲಗಿದರೆ ಯಾರಾದರೂ ಗಂಜಿ ತರುತ್ತಾರೆ ಅಂತ ಕಾಯುತ್ತಾ ಮುನಿಸಿಕೊಳ್ಳಬೇಡ. ಬಾಯಿಬಿಟ್ಟು ಕೇಳು, ಬರುತ್ತಾರೆ. ಆಗದ ಕೆಲಸಕ್ಕೆ ನಮ್ಮ ಹಾಗೆ ‘ನೋಡೋಣ’ ಅನ್ನಬೇಡ. ಅವರು ನಂಬಿ ಕೂರುತ್ತಾರೆ. ಹೋಟೆಲಿನಲ್ಲಿ ಬಿಲ್ಲು ಒಟ್ಟಿಗೋ ಬೇರೆ ಬೇರೆಯೋ ಅಂತ ಕೇಳಿದರೆ ಮುಖ ಸಣ್ಣ ಮಾಡಿಕೊಳ್ಳಬೇಡ, ಜಿಪುಣತನವಲ್ಲ ಅದು. ಹುಟ್ಟುಹಬ್ಬಕ್ಕೆ ಕೇಕು ನೀನೇ ತರಬೇಕು, ನೆನಪಿರಲಿ. ಹಿಂದಿನ ದಿನವೇ ಯಾರಿಗೂ ಶುಭಾಶಯ ಹೇಳಬೇಡ, ಅಪಶಕುನ ಅನ್ನುತ್ತಾರೆ.

ಇನ್ನೊಂದು. ನಾಲ್ಕು ಜನ ಕನ್ನಡದ ಹುಡುಗಿಯರು ಒಂದೇ ಮನೆಯಲ್ಲಿ ಸೇರಿ, ಬಿಸಿಬೇಳೆಬಾತ್ ತಿಂದು, ‘ಈ ಜನ ಒಣಕಲು’ ಅಂತ ಬೈಯುತ್ತಾ ಎರಡು ವರ್ಷ ಕಳೆಯಬೇಡಿ. ಆ ದೇಶದಲ್ಲಿ ನೋಂದಾಯಿತ ಸಂಘಗಳೇ 6 ಲಕ್ಷಕ್ಕೂ ಹೆಚ್ಚು. ಅಲ್ಲಿ ಸ್ನೇಹ ಬೆಳೆಯುವುದು ಪಡಸಾಲೆಯಲ್ಲಿ ಅಲ್ಲ, ಸಂಘದಲ್ಲಿ. ಶಾಲೆಯಲ್ಲಿ ಚೆನ್ನಾಗಿ ಹಾಡುತ್ತಿದ್ದೆ. ಹತ್ತಿರದ ಗಾಯನ ಸಂಘ ವಿಚಾರಿಸಿ ಹೆಸರು ಬರೆಸು. ಜರ್ಮನ್ ಸರಿಯಾಗಿ ಬರಲ್ಲ ಅಂತ ಹಿಂಜರಿಯಬೇಡ, ತಾಲೀಮಿಗೆ ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆ ಹೋಗು. ಯಾವ ಸಂಘ ಅಂತ ನನಗೆ ಫೋನಿನಲ್ಲಿ ಹೇಳು.