ರೋಗಿಯನ್ನು ಎತ್ತುವ ಯಂತ್ರ: ಕೊಳ್ಳುವ ಮುನ್ನ ಹೊಸ್ತಿಲು ಅಳೆಯಿರಿ

ಹಿರಿಯರ ನೆನಪಿಗೆ ಊರಿನ ಆಸ್ಪತ್ರೆಗೆ ಏನಾದರೂ ಕೊಡಬೇಕೆಂದು ಬಯಸುವವರು ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕಡಿಮೆಯೇನಿಲ್ಲ. ಮೊದಲೆಲ್ಲ ಫ್ಯಾನು ಕೊಡುತ್ತಿದ್ದರು. ರೆಕ್ಕೆಯ ಮೇಲೆ ದಾನಿಗಳ ಹೆಸರು ಬರೆಸಿರುತ್ತಿತ್ತು. ಕರೆಂಟು ಹೋದಾಗ ಮಾತ್ರ ಅದನ್ನು ಓದಲು ಸಾಧ್ಯ! ಆಮೇಲೆ ಕುಡಿಯುವ ನೀರಿನ ಯಂತ್ರ, ವೀಲ್‌ಚೇರು ಬಂದವು. ಈಚೆಗೆ ಕೆಲವರು ರೋಗಿಯನ್ನು ಹಾಸಿಗೆಯಿಂದ ಎತ್ತಿ ಕೂರಿಸುವ ಯಂತ್ರದ ಬಗ್ಗೆ ವಿಚಾರಿಸುತ್ತಾರೆ. ಸಂತೋಷದ ವಿಷಯವೇ. ಆದರೆ ಚಿತ್ರ ನೋಡಿ ತರಿಸಿದ ಇಂಥ ಯಂತ್ರ ಮಂಚದ ಕೆಳಗೆ ನುಗ್ಗದೆ, ಕೊನೆಗೆ ಉಗ್ರಾಣ ಸೇರಿ ಅದರ ಮೇಲೆ ಬೆಡ್‌ಶೀಟು ಒಣಗುವುದನ್ನೂ ನಾನು ನೋಡಿದ್ದೇನೆ. ನೀವು ದಾನ ಕೊಡುವವರಿರಬಹುದು, ಹತ್ತು ಹಾಸಿಗೆಯ ನರ್ಸಿಂಗ್ ಹೋಂ ನಡೆಸುವವರಿರಬಹುದು, ಲಕ್ವ ಹೊಡೆದ ತಂದೆಯನ್ನು ಮನೆಯಲ್ಲೇ ನೋಡಿಕೊಳ್ಳುವವರಿರಬಹುದು. ಯಾರೇ ಆದರೂ ಹಣ ಕೊಡುವ ಮೊದಲು ಕೆಲವು ವಿಷಯ ತಿಳಿದಿರಬೇಕು.

ನಾಲ್ಕು ಜನ ಸಾಲದೇ?

'ಯಂತ್ರ ಯಾಕೆ ಡಾಕ್ಟ್ರೇ? ನಾಲ್ಕು ಜನ ಕೈ ಹಾಕಿದರೆ ಆಯಿತಲ್ಲ' ಎಂದು ನೀವು ಕೇಳಬಹುದು. ಮಂಡಿಯಲ್ಲಿ ಹಮಾಲಿಗಳು 50 ಕಿಲೋ ಮೂಟೆಯನ್ನು ಒಬ್ಬರೇ ಹೊರುವುದಿಲ್ಲವೇ? ಹೊರುತ್ತಾರೆ. ಆದರೆ ಅವರು ಮೂಟೆಯನ್ನು ಬೆನ್ನಿಗೇ ಒತ್ತಿಕೊಂಡಿರುತ್ತಾರೆ. ಹಾಸಿಗೆಯ ಮೇಲಿನ ರೋಗಿ ಹಾಗೆ ಮೈಗೆ ಹತ್ತಿರ ಬರುವುದಿಲ್ಲ. ಬಗ್ಗಿ, ಕೈ ಚಾಚಿ ಎತ್ತಬೇಕು. ಆಗ ಭಾರ ಬೆನ್ನುಮೂಳೆಯಿಂದ ಸುಮಾರು 20 ಅಂಗುಲ ದೂರದಲ್ಲಿರುತ್ತದೆ. ಅದನ್ನು ತಡೆದು ಹಿಡಿಯುವ ಬೆನ್ನಿನ ಸ್ನಾಯುಗಳೋ ಮೂಳೆಯಿಂದ ಬರೀ 2 ಅಂಗುಲ ಹಿಂದಿರುತ್ತವೆ. ಒಂದು ತೋಳು ಉದ್ದ, ಇನ್ನೊಂದು ಗಿಡ್ಡ ಇರುವ ತಕ್ಕಡಿಯನ್ನು ಊಹಿಸಿಕೊಳ್ಳಿ. ಕೈಯಲ್ಲಿ 20 ಕಿಲೋ ಇದ್ದರೆ ಸ್ನಾಯು ಎಳೆಯಬೇಕಾದದ್ದು 200 ಕಿಲೋ. ಈ ಸೆಳೆತವೆಲ್ಲ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕಿನ ಮೇಲೆ ಬೀಳುತ್ತದೆ. ಬಗ್ಗಿದ ನಿಮ್ಮ ಮೈಯ ಭಾರವನ್ನು ನಾನಿನ್ನೂ ಲೆಕ್ಕಕ್ಕೆ ಸೇರಿಸಿಲ್ಲ.

ಮೂಟೆಗೂ ರೋಗಿಗೂ ಮತ್ತೊಂದು ವ್ಯತ್ಯಾಸವಿದೆ. ಮೂಟೆ ಹೆದರಿ ನಿಮ್ಮ ಕತ್ತು ಹಿಡಿದು ಜೋತುಬೀಳುವುದಿಲ್ಲ, ಅರ್ಧಕ್ಕೆ ತಲೆ ಸುತ್ತಿ ಕುಸಿಯುವುದಿಲ್ಲ. ಅಮೆರಿಕದ ಥಾಮಸ್ ವಾಟರ್ಸ್ ಎಂಬ ಸಂಶೋಧಕರು 2007ರಲ್ಲಿ ಇದನ್ನೆಲ್ಲ ಗಣನೆಗೆ ತೆಗೆದುಕೊಂಡು, ರೋಗಿಗಳ ವಿಷಯದಲ್ಲಿ ಒಬ್ಬರು ಕೈಯಿಂದ ಎತ್ತಬಹುದಾದ ಮಿತಿ 35 ಪೌಂಡು, ಅಂದರೆ ಸುಮಾರು 16 ಕಿಲೋ ಎಂದರು. ಅದೂ ಎಲ್ಲ ಅನುಕೂಲವೂ ಇದ್ದಾಗ. 60 ಕಿಲೋ ರೋಗಿಯನ್ನು ನಾಲ್ವರು ಎತ್ತಿದರೆ ತಲೆಗೆ 15 ಕಿಲೋ ಬಂತಲ್ಲ ಎನ್ನಬೇಡಿ. ತಲೆ ಮತ್ತು ಮುಂಡದ ಭಾಗದಲ್ಲೇ ಅರ್ಧಕ್ಕಿಂತ ಹೆಚ್ಚು ತೂಕವಿದೆ. ಕಾಲು ಹಿಡಿದವರು ಹಗುರಾಗಿ ನಡೆಯುತ್ತಾರೆ, ಹೆಗಲ ಕಡೆ ಇದ್ದ ಆಯಾ ಸಂಜೆ ಸೊಂಟ ಹಿಡಿದುಕೊಂಡು ಕೂರುತ್ತಾಳೆ. ಮನೆಯಲ್ಲಾದರೆ ಆ ಜಾಗ ಸಾಮಾನ್ಯವಾಗಿ ಸೊಸೆಯದು. ಅವಳ ಸೊಂಟನೋವಿಗೆ ಮಾತ್ರೆ ಬರೆದುಕೊಡುವ ಮೊದಲು 'ಮನೆಯಲ್ಲಿ ಯಾರನ್ನಾದರೂ ದಿನಾ ಎತ್ತಿ ಇಳಿಸುತ್ತೀಯೇನಮ್ಮ?' ಎಂದು ಕೇಳುವುದು ನನ್ನ ರೂಢಿ.

ಎತ್ತಿಸಿಕೊಳ್ಳುವವರಿಗೂ ಪೆಟ್ಟಿದೆ. ಕಂಕುಳಿಗೆ ಕೈ ಕೊಟ್ಟು ಎಳೆದು ಕೂರಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಲಕ್ವ ಹೊಡೆದ ಕಡೆಯ ಭುಜದಲ್ಲಿ ಸ್ನಾಯುಗಳ ಬಿಗಿ ಇರುವುದಿಲ್ಲ. ಹೀಗೆ ಎಳೆದರೆ ಕೀಲು ಜಾರಿ ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಹಾಸಿಗೆಯಲ್ಲಿ ಜಾರಿದವರನ್ನು ದರದರನೆ ಮೇಲಕ್ಕೆ ಎಳೆದಾಗ ಚರ್ಮ ಬಟ್ಟೆಗೆ ಅಂಟಿ ಹಿಂದೆ ಉಳಿಯುತ್ತದೆ, ಒಳಗಿನ ಮೂಳೆ ಮುಂದೆ ಹೋಗುತ್ತದೆ. ನಡುವಿನ ಸಣ್ಣ ರಕ್ತನಾಳಗಳು ತಿರುಚಿಕೊಳ್ಳುತ್ತವೆ. ಹಾಸಿಗೆ ಹುಣ್ಣು ಎಷ್ಟೋ ಸಲ ಇಲ್ಲಿಂದಲೇ ಶುರು.

ಮೊದಲು ರೋಗಿಯನ್ನು ನೋಡಿ

ಅಂಗಡಿಯವರು ಮೊದಲು ಯಂತ್ರ ತೋರಿಸುತ್ತಾರೆ. ನೀವು ಮೊದಲು ರೋಗಿಗಳನ್ನು ನೋಡಿ. ಆಸ್ಪತ್ರೆಯಾದರೆ ಒಂದು ವಾರ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಲು ಸಿಸ್ಟರಿಗೆ ಹೇಳಿ: ಯಾರನ್ನು ಎತ್ತಬೇಕಾಯಿತು, ಎಲ್ಲಿಂದ ಎಲ್ಲಿಗೆ, ಅವರ ತೂಕವೆಷ್ಟು, ಅವರು ತಾವೇ ಎಷ್ಟು ಸಹಾಯ ಮಾಡಬಲ್ಲರು. ಈ ಪಟ್ಟಿ ಕೈಗೆ ಬಂದಾಗ, ಎತ್ತುವ ಕೆಲಸಕ್ಕಿಂತ ಹಾಸಿಗೆಯಲ್ಲೇ ಸರಿಸುವ, ಮಗ್ಗುಲು ಬದಲಿಸುವ ಕೆಲಸವೇ ಹೆಚ್ಚಾಗಿ ಕಾಣಬಹುದು. ಅದಕ್ಕೆ ಯಂತ್ರ ಬೇಡ, ಜಾರುಹಾಳೆ ಸಾಕು. ಇದು ನುಣುಪಾದ ನೈಲಾನ್ ಬಟ್ಟೆ. ಎರಡು ಪದರವಾಗಿ ರೋಗಿಯ ಕೆಳಗೆ ಹಾಸಿದರೆ ಪದರದ ಮೇಲೆ ಪದರ ಜಾರಿ, ಎತ್ತದೆಯೇ ರೋಗಿಯನ್ನು ಸರಿಸಬಹುದು. ಕೆಲಸವಾದ ಮೇಲೆ ತೆಗೆಯಲೇಬೇಕು. ಇಲ್ಲದಿದ್ದರೆ ರೋಗಿಯೇ ಮಂಚದಿಂದ ಜಾರಿಯಾರು. ಇದರ ಬೆಲೆ ಯಂತ್ರದ ಬೆಲೆಯ ಒಂದು ಸಣ್ಣ ಪಾಲು. ದಾನಿಗಳಿಗೆ ಹೆಸರು ಬರೆಸಲು ಇದರಲ್ಲಿ ಜಾಗವಿಲ್ಲ ಎನ್ನುವುದೊಂದೇ ಕೊರತೆ.

ಕೂರಬಲ್ಲ, ಕೈಯಲ್ಲಿ ಶಕ್ತಿಯಿರುವ, ಆದರೆ ಕಾಲು ಬಾರದವರಿಗೆ ಮಂಚ ಮತ್ತು ವೀಲ್‌ಚೇರಿನ ನಡುವೆ ಸೇತುವೆಯಂತೆ ಇಡುವ ನಯವಾದ ಹಲಗೆ ಬರುತ್ತದೆ. ಒಂದು ಕಾಲಾದರೂ ಭಾರ ತಡೆಯುವ, ಹೇಳಿದ್ದು ತಿಳಿಯುವ, ಕೈಯಲ್ಲಿ ಹಿಡಿಯಬಲ್ಲವರಿಗೆ ಎದ್ದುನಿಲ್ಲಿಸುವ ಯಂತ್ರ ಒಳ್ಳೆಯದು. ನಿಂತಷ್ಟೂ ಕಾಲಿನ ಶಕ್ತಿ ಉಳಿಯುತ್ತದೆ. ಇವು ಯಾವುವೂ ಸಾಧ್ಯವಿಲ್ಲದವರಿಗೆ ಮಾತ್ರ ಜೋಲಿಯಲ್ಲಿ ಪೂರ್ತಿ ಎತ್ತುವ ಹಾಯ್ಸ್ಟ್ ಬೇಕು. ಎಚ್ಚರ ತಪ್ಪಿದವರನ್ನು, ಗೊಂದಲದಲ್ಲಿರುವವರನ್ನು ಎದ್ದುನಿಲ್ಲಿಸುವ ಯಂತ್ರಕ್ಕೆ ಏರಿಸಬೇಡಿ. ಮಂಡಿ ಕುಸಿದರೆ ಇಡೀ ಮೈ ಕಂಕುಳಲ್ಲಿ ನೇತಾಡುತ್ತದೆ.

ಆಮೇಲೆ ಮಂಚ, ಬಾಗಿಲು, ಹೊಸ್ತಿಲು

ಗಾಲಿಯ ಹಾಯ್ಸ್ಟಿಗೆ ನೆಲಕ್ಕೆ ತಾಗಿದಂತೆ ಎರಡು ಉದ್ದ ಕಾಲುಗಳಿರುತ್ತವೆ. ರೋಗಿಯ ಭಾರಕ್ಕೆ ಯಂತ್ರ ಮಗುಚದಿರಬೇಕಾದರೆ ಈ ಕಾಲುಗಳು ಮಂಚದ ಅಡಿಗೆ ಹೋಗಲೇಬೇಕು. ಅದಕ್ಕೆ ಮಂಚದ ಕೆಳಗೆ ಸುಮಾರು 6 ಅಂಗುಲ ಖಾಲಿ ಇರಬೇಕು. ಆಸ್ಪತ್ರೆಯ ಕಬ್ಬಿಣದ ಮಂಚಕ್ಕೆ ತೊಂದರೆಯಿಲ್ಲ. ಮನೆಗಳ ಪೆಟ್ಟಿಗೆ ಮಂಚ, ನೆಲದವರೆಗೂ ಹಲಗೆ ಹೊಡೆದ ದಿವಾನ, ಇವುಗಳ ಕೆಳಗೆ ಯಂತ್ರ ಹೋಗುವುದೇ ಇಲ್ಲ. ಕಾಲು ಮುಚ್ಚಿದಾಗಲೂ ಎಷ್ಟೋ ಯಂತ್ರಗಳ ಅಗಲ ಎರಡು ಅಡಿಗಿಂತ ಹೆಚ್ಚು. ಎರಡು ಅಡಿಯ ಬಚ್ಚಲ ಬಾಗಿಲಲ್ಲಿ ತೂರಿಸಲು ಪ್ರಯತ್ನಿಸಬೇಡಿ. ತಿರುಗಿಸಲು ಮಂಚದ ಪಕ್ಕದಲ್ಲಿ ಐದು ಅಡಿ ಜಾಗ ಬೇಕು. ನಮ್ಮ ಹಳೆಯ ಮನೆಗಳ ಹೊಸ್ತಿಲಂತೂ ಯಂತ್ರಕ್ಕೆ ಗೋಡೆಯಿದ್ದಂತೆ. ಪುಟ್ಟ ಗಾಲಿ ಅಲ್ಲಿ ತಡೆದು ನಿಂತರೆ, ಮೇಲೆ ಜೋಲಿಯಲ್ಲಿರುವವರು ಮುಂದಕ್ಕೆ ತೂಗುತ್ತಾರೆ. ಹಾಯ್ಸ್ಟ್ ಇರುವುದು ಮಂಚದಿಂದ ಪಕ್ಕದ ಕುರ್ಚಿಗೆ ದಾಟಿಸಲು. ಕೋಣೆಯಿಂದ ಕೋಣೆಗೆ ಮೆರವಣಿಗೆ ಮಾಡಲು ವೀಲ್‌ಚೇರು ಇದೆ.

ಜಾಗ ಉಳಿಯಲೆಂದು ಸೂರಿಗೆ ಹಳಿ ಹೊಡೆದು ತೂಗುಹಾಕುವ ಹಾಯ್ಸ್ಟ್‌ಗಳೂ ಇವೆ. ಹೆಂಚಿನ ಮನೆಯ ತೊಲೆ-ರೀಪಿನ ಮೇಲೆ ಅದನ್ನು ಯೋಚಿಸಲೂಬಾರದು. ಆರ್‌ಸಿಸಿ ಆದರೂ ಎಂಜಿನಿಯರು ನೋಡಿ ಒಪ್ಪಬೇಕು.

ಕೈಪಂಪಿನದೋ ಬ್ಯಾಟರಿಯದೋ ಎಂಬುದು ಮುಂದಿನ ಪ್ರಶ್ನೆ. ಕರೆಂಟು ಹೋಗುತ್ತದೆ, ಆದ್ದರಿಂದ ಕೈಪಂಪು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಮ್ಮೆ ಚಾರ್ಜ್ ಆದ ಬ್ಯಾಟರಿ ಹಲವಾರು ಸಲ ಎತ್ತುತ್ತದೆ. ಕರೆಂಟು ಹೋಗುವುದು ದೊಡ್ಡ ಸಮಸ್ಯೆಯಲ್ಲ. ಯಾರೂ ಚಾರ್ಜಿಗೆ ಹಾಕದಿರುವುದು ಸಮಸ್ಯೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಬ್ಯಾಟರಿ ಸತ್ತೇಹೋಗುತ್ತದೆ. ರಾತ್ರಿ ಪಾಳಿಯ ಒಬ್ಬರಿಗೆ ಆ ಜವಾಬ್ದಾರಿ ವಹಿಸಬಲ್ಲಿರಾದರೆ ಬ್ಯಾಟರಿಯದು ಕೊಳ್ಳಿ; ಆಗ ಸಿಬ್ಬಂದಿಯ ಗಮನ ಪಂಪಿನ ಮೇಲಲ್ಲ, ರೋಗಿಯ ಮೇಲಿರುತ್ತದೆ. ಇಲ್ಲವಾದರೆ ಕೈಪಂಪೇ ಸರಿ. ಬ್ಯಾಟರಿಯದಾದರೆ, ಅದು ಅರ್ಧದಲ್ಲಿ ನಿಂತಾಗ ರೋಗಿಯನ್ನು ಕೆಳಗಿಳಿಸುವ ತುರ್ತು ವ್ಯವಸ್ಥೆ ಇದೆಯೇ ಎಂದು ಅಂಗಡಿಯಲ್ಲೇ ಮಾಡಿ ತೋರಿಸಲು ಹೇಳಿ.

ಯಂತ್ರಕ್ಕೆ ಎಷ್ಟು ಗಮನ ಕೊಡುತ್ತೀರೋ ಜೋಲಿಗೆ ಅದಕ್ಕಿಂತ ಹೆಚ್ಚು ಕೊಡಿ. ಜೀವ ತೂಗುವುದು ಆ ಬಟ್ಟೆಯಲ್ಲಿ. ಸಣ್ಣದಾದರೆ ತೊಡೆ ಕೊರೆಯುತ್ತದೆ, ದೊಡ್ಡದಾದರೆ ಬಡಕಲು ಅಜ್ಜಿ ಸೊಂಟದ ಕಡೆಯಿಂದ ನುಸುಳಿ ಬೀಳಬಹುದು. ಹಾಗಾಗಿ ಎರಡು ಮೂರು ಅಳತೆಯವು ಬೇಕು. ಕತ್ತು ನಿಲ್ಲದವರಿಗೆ ತಲೆಗೂ ಆಸರೆಯಿರುವುದು ಬೇಕು. ಕಮೋಡಿಗೆಂದು ಕೆಳಗೆ ತೆರೆದಿರುವ ಜೋಲಿ ಮುಂಡದ ಹಿಡಿತ ಚೆನ್ನಾಗಿದ್ದವರಿಗೆ ಮಾತ್ರ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರ ತೂಕದ ಸಮತೋಲ ಬೇರೆ; ಅವರಿಗೆ ಪ್ರತ್ಯೇಕ ಜೋಲಿಯಿದೆ. ಒಂದು ಕಂಪನಿಯ ಜೋಲಿಯನ್ನು ಇನ್ನೊಂದರ ಕೊಕ್ಕೆಗೆ ಸಿಕ್ಕಿಸುವ ಜಾಣತನ ಬೇಡ. ಯಂತ್ರದ ಮೇಲೆ ಬರೆದ ತೂಕದ ಮಿತಿ, ಜೋಲಿಯ ಮೇಲಿನ ಮಿತಿ ಬೇರೆಬೇರೆಯಾಗಿದ್ದರೆ ಕಡಿಮೆಯದೇ ನಿಮ್ಮ ಮಿತಿ.

ನಮ್ಮ ಭಾಗಕ್ಕೆ ಒಂದು ಎಚ್ಚರಿಕೆ ಮುಖ್ಯ. ಇದು ಅಡಿಕೆ, ತೆಂಗಿನ ಸೀಮೆ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಮಡಿಸಿ ಕೂರಿಸಿ ತರುತ್ತಾರೆ. ಬೆನ್ನುಮೂಳೆ ಮುರಿದಿದ್ದು ಒಳಗಿನ ನರಹುರಿ ಇನ್ನೂ ಉಳಿದಿದ್ದರೆ, ಅದಕ್ಕೆ ಪೆಟ್ಟಾಗುವುದು ಈ ಹೊತ್ತಿನಲ್ಲೇ. ಇಂಥವರಿಗೆ ಜೋಲಿಯ ಯಂತ್ರವೂ ಕೂಡದು, ಏಕೆಂದರೆ ಜೋಲಿ ಬೆನ್ನನ್ನು ಬಾಗಿಸುತ್ತದೆ. ಬಿದ್ದಲ್ಲೇ ಅಲುಗಾಡದಂತೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಸ್ಥಳ ಅಪಾಯದ್ದಾಗಿ ಸರಿಸಲೇಬೇಕಾದರೆ, ಒಬ್ಬರು ತಲೆ-ಕತ್ತು ನೇರವಾಗಿ ಹಿಡಿದು, ಉಳಿದವರು ಮರದ ದಿಮ್ಮಿಯನ್ನು ಉರುಳಿಸುವಂತೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಗಟ್ಟಿ ಹಲಗೆಯ ಮೇಲೆ ಮಲಗಿಸಬೇಕು. ಹಾಗಾಗಿ ಆಸ್ಪತ್ರೆಯ ಪಟ್ಟಿಯಲ್ಲಿ ಹಾಯ್ಸ್ಟಿಗಿಂತ ಮೊದಲು ಕತ್ತಿನ ಪಟ್ಟಿ ಮತ್ತು ಬೆನ್ನಿನ ಹಲಗೆ ಇರಲಿ.

ಯಂತ್ರ ಬಂದ ದಿನ ಪೂಜೆ ಮಾಡಿ ಫೋಟೋ ತೆಗೆಸಿಕೊಳ್ಳುವುದಷ್ಟೇ ಸಾಲದು. ಸಿಬ್ಬಂದಿಯಲ್ಲೊಬ್ಬರನ್ನು ಜೋಲಿಯಲ್ಲಿ ಕೂರಿಸಿ ಎತ್ತಿಸಿ. ಆ ಹೆದರಿಕೆ ಏನೆಂದು ಗೊತ್ತಾಗುತ್ತದೆ. ಆಮೇಲೆ ಅವರೇ 'ಅಜ್ಜಯ್ಯ, ಈಗ ಎತ್ತುತ್ತೀವಿ, ಕೈ ಎದೆ ಮೇಲೆ ಕಟ್ಕೊಳ್ಳಿ' ಎಂದು ಹೇಳಿಯೇ ಎತ್ತುತ್ತಾರೆ. ಎತ್ತುವಾಗ ಇಬ್ಬರಿರಲಿ. ಮಂಚಕ್ಕೂ ವೀಲ್‌ಚೇರಿಗೂ ಬ್ರೇಕ್ ಹಾಕಿ. ಹಾಯ್ಸ್ಟಿನ ಗಾಲಿಗಳನ್ನು ಮಾತ್ರ ಎತ್ತುವಾಗ ಸಾಮಾನ್ಯವಾಗಿ ಬಿಟ್ಟಿರಬೇಕು, ಭಾರದ ನೇರಕ್ಕೆ ಅದು ತಾನೇ ಸರಿದುಕೊಳ್ಳಲಿ ಎಂದು. ಆದರೆ ಕೈಪಿಡಿಯಲ್ಲಿ ಬೇರೆ ರೀತಿ ಹೇಳಿದ್ದರೆ ಅದನ್ನೇ ಪಾಲಿಸಿ.

ರಿಪೇರಿಗೆ ಮೆಕ್ಯಾನಿಕ್ಕು ಎಲ್ಲಿಂದ ಬರುತ್ತಾನೆ, ಎಷ್ಟು ದಿನಕ್ಕೆ ಬರುತ್ತಾನೆ ಎಂಬುದನ್ನು ಹಣ ಕೊಡುವ ಮೊದಲೇ ಬರೆಸಿಕೊಳ್ಳಿ. ಬೆಂಗಳೂರಿನಿಂದಲೇ ಬರಬೇಕಾದರೆ ಬಂದುಹೋಗುವ ಖರ್ಚು ಯಾರದು ಎಂಬುದೂ ಅದರಲ್ಲಿರಲಿ. ಬ್ರಿಟನ್ನಿನ 1998ರ ನಿಯಮಗಳ ಪ್ರಕಾರ ಜನರನ್ನು ಎತ್ತುವ ಸಾಧನಗಳನ್ನು ಆರು ತಿಂಗಳಿಗೊಮ್ಮೆ ಬಲ್ಲವರಿಂದ ತಪಾಸಣೆ ಮಾಡಿಸಬೇಕು. ಆ ಪದ್ಧತಿಯನ್ನು ನಾವೂ ಇಟ್ಟುಕೊಳ್ಳಬಹುದು. ಜೋಲಿಯನ್ನಂತೂ ಪ್ರತಿ ಸಲವೂ ಬೆಳಕಿಗೆ ಹಿಡಿದು ಹೊಲಿಗೆ, ಪಟ್ಟಿಗಳನ್ನು ನೋಡಬೇಕು. ಬ್ಲೀಚಿಂಗ್ ಪುಡಿಯಲ್ಲಿ ನೆನೆಹಾಕಬೇಡಿ, ದಾರ ಜೀರ್ಣವಾಗುತ್ತದೆ. ಒಂದು ಎಳೆ ಬಿಟ್ಟಿದ್ದರೂ ಹೊಲಿದು ಬಳಸಬೇಡಿ. ಯಾರೂ ಮತ್ತೆ ಎತ್ತಿಕೊಳ್ಳದಂತೆ ಆಗಲೇ ಕತ್ತರಿಸಿ ಎಸೆಯಿರಿ.