ಪದೇ ಪದೇ ರೀಸ್ಟಾರ್ಟ್ ಆಗುವ ಹಳೆಯ ಕಂಪ್ಯೂಟರ್: ಫಾರ್ಮ್ಯಾಟ್‌ಗೆ ಮುನ್ನ ನೋಡಬೇಕಾದ್ದು

ಏಳೆಂಟು ವರ್ಷ ಹಳೆಯ ಡೆಸ್ಕ್‌ಟಾಪ್ ಕೆಲಸದ ನಡುವೆ ತಾನಾಗಿಯೇ ರೀಸ್ಟಾರ್ಟ್ ಆಗತೊಡಗಿದರೆ ಕಾರಣ ಸಾಮಾನ್ಯವಾಗಿ ಐದರಲ್ಲೊಂದು: ಕರೆಂಟು, ಬಿಸಿ, ರ್‍ಯಾಮ್, ಡಿಸ್ಕ್ ಇಲ್ಲವೇ ತಂತ್ರಾಂಶ. ಮೊದಲ ನಾಲ್ಕೂ ಯಂತ್ರಾಂಶದ ತೊಂದರೆಗಳು. ಆದರೂ ರಿಪೇರಿಗೆ ಒಯ್ದ ಕೂಡಲೇ ಎಷ್ಟೋ ಸಲ ನಡೆಯುವುದು ಫಾರ್ಮ್ಯಾಟ್. ಕೆಟ್ಟ ಎಸ್‌ಎಂಪಿಎಸ್ (ಕ್ಯಾಬಿನೆಟ್‌ನೊಳಗೆ ಕರೆಂಟು ಪೂರೈಸುವ ಡಬ್ಬಿ) ಫಾರ್ಮ್ಯಾಟ್‌ನಿಂದ ಸರಿಹೋಗುವುದಿಲ್ಲ. ಮನೆಯವರ ಫೋಟೊ, ಮಕ್ಕಳ ದಾಖಲೆಗಳು ಮಾತ್ರ ಹೋಗುತ್ತವೆ. ಹಾಗಾಗಿ ಬೇರೆ ಯಾವುದಕ್ಕೂ ಕೈಹಾಕುವ ಮುನ್ನ ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕ್‌ಗೋ ಪೆನ್‌ಡ್ರೈವ್‌ಗೋ ನಕಲು ಮಾಡಿಕೊಳ್ಳಬೇಕು. ಕೆಡುತ್ತಿರುವುದು ಡಿಸ್ಕೇ ಆಗಿದ್ದರೆ ಇನ್ನೊಂದು ಅವಕಾಶ ಸಿಗದಿರಬಹುದು.

ಯಾವಾಗ ಆಗುತ್ತದೆ?

ಪ್ರತಿ ಸಲ ರೀಸ್ಟಾರ್ಟ್ ಆದಾಗ ಏನು ನಡೆಯುತ್ತಿತ್ತು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಗೇಮ್ ಆಡುವಾಗ ಇಲ್ಲವೇ ಭಾರೀ ವಿಡಿಯೊ ಕೆಲಸ ನಡೆದಾಗ ಮಾತ್ರ ಆದರೆ ಬಿಸಿ ಅಥವಾ ಎಸ್‌ಎಂಪಿಎಸ್ ಮೇಲೆ ಅನುಮಾನ. ನೀರಿನ ಪಂಪೋ ಮಿಕ್ಸಿಯೋ ಶುರುವಾದ ಗಳಿಗೆಯಲ್ಲಿ ಆದರೆ ವೋಲ್ಟೇಜ್ ಕಡೆ ನೋಡಬೇಕು. ಹೊತ್ತುಗೊತ್ತಿಲ್ಲದೆ, ಪ್ರತಿ ಸಲ ಬೇರೆ ಬೇರೆ ದೋಷ ತೋರಿಸಿ ನಿಂತರೆ ರ್‍ಯಾಮ್ ಇರಬಹುದು.

ವಿಂಡೋಸ್ ದೋಷ ಕಂಡಾಗ ತಾನಾಗಿಯೇ ರೀಸ್ಟಾರ್ಟ್ ಆಗುವಂತೆ ಇರುತ್ತದೆ. ಇದರಿಂದ ನೀಲಿ ಪರದೆಯ ಸಂದೇಶ ಓದುವಷ್ಟರಲ್ಲೇ ಮಾಯ. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಸ್ಟಾರ್ಟಪ್ ಆ್ಯಂಡ್ ರಿಕವರಿ ವಿಭಾಗಕ್ಕೆ ಹೋಗಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಟಿಕ್ ತೆಗೆದರೆ ಮುಂದಿನ ಸಲ ಪರದೆ ನಿಲ್ಲುತ್ತದೆ. ಅದರಲ್ಲಿರುವ ಸ್ಟಾಪ್ ಕೋಡ್‌ನ ಫೋಟೊ ತೆಗೆದಿಟ್ಟುಕೊಳ್ಳಬೇಕು. ಟಿಕ್ ತೆಗೆದ ಮೇಲೂ ನೀಲಿ ಪರದೆ ಬಾರದೆ, ಪ್ಲಗ್ ಕಿತ್ತಂತೆ ಕಂಪ್ಯೂಟರ್ ಆರಿಹೋದರೆ ಕರೆಂಟು ಅಥವಾ ಬಿಸಿಯ ಕಡೆಗೇ ಬೆರಳು. ಈವೆಂಟ್ ವ್ಯೂವರ್‌ನಲ್ಲಿ ಕಾಣುವ ‘ಕರ್ನಲ್-ಪವರ್ 41’ ನೋಡಿ ಹಲವರು ಗಾಬರಿಯಾಗುತ್ತಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂಬುದಷ್ಟೇ ಅದರ ಅರ್ಥ. ಕಾರಣ ಅದರಲ್ಲಿ ಇರುವುದಿಲ್ಲ.

ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ವಿಂಡೋಸ್‌ಗೂ ಮೊದಲೇ ಓಡುವ ಬಯೋಸ್‌ನ ಪರದೆ ತೆರೆದು ಅರ್ಧ ಗಂಟೆ ಹಾಗೆಯೇ ಬಿಡಬೇಕು. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್‌ನ ತಪ್ಪೇನೂ ಇಲ್ಲ.

ಕರೆಂಟು

ಗೋಡೆಯ ಸಾಕೆಟ್, ಎಕ್ಸ್‌ಟೆನ್ಷನ್ ಬೋರ್ಡ್, ಪವರ್ ಕೇಬಲ್ ಸಡಿಲವಾಗಿಲ್ಲವೇ ಎಂದು ಮೊದಲು ನೋಡಬೇಕು. ಬಳಿಕ ಯುಪಿಎಸ್. ಇದರ ಬ್ಯಾಟರಿ ಸಾಮಾನ್ಯವಾಗಿ ಎರಡು–ಮೂರು ವರ್ಷಕ್ಕೆ ಸೋಲುತ್ತದೆ. ಕೆಲಸವನ್ನೆಲ್ಲ ಸೇವ್ ಮಾಡಿ ಯುಪಿಎಸ್‌ನ ಪ್ಲಗ್ ಕಿತ್ತಾಗ ಕಂಪ್ಯೂಟರ್ ತಕ್ಷಣ ಆರಿದರೆ ಬ್ಯಾಟರಿ ಮುಗಿದಿದೆ ಎಂದೇ ಲೆಕ್ಕ. ಮನೆಯ ಇನ್ವರ್ಟರ್‌ಗೆ ಕಂಪ್ಯೂಟರ್ ಜೋಡಿಸಿದ್ದರೆ ಅದರ ಹಿಂದೆ ‘ಯುಪಿಎಸ್’ ಮೋಡ್‌ನ ಸ್ವಿಚ್ ಇದೆಯೇ ಎಂದು ನೋಡಬೇಕು. ಕರೆಂಟು ಕಡಿದ ಮೇಲೆ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುವಂತೆ ಇರುತ್ತದೆ, ಹಳೆಯದಾದರೆ ಅದಕ್ಕೂ ಕಡಿಮೆ. ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿದ್ದರೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಫ್ಯಾನ್, ಟ್ಯೂಬ್‌ಲೈಟ್‌ಗೆ ಇದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಸ್ವಿಚ್ ಬದಲಿಸಿದರೆ ಸಾಕಾಗುವ ಜಾಗದಲ್ಲಿ ಹೊಸ ಮದರ್‌ಬೋರ್ಡ್‌ಗೆ ದುಡ್ಡು ಸುರಿಯಬಾರದು.

ಎಸ್‌ಎಂಪಿಎಸ್ ಕೊಡುವ ವೋಲ್ಟೇಜ್ ಬಯೋಸ್‌ನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಕಾಣುತ್ತದೆ. 12 ವೋಲ್ಟ್‌ನ ಸಾಲು 11.4ರಿಂದ 12.6ರ ಒಳಗೆ, 5 ವೋಲ್ಟ್‌ನ ಸಾಲು 4.75ರಿಂದ 5.25ರ ಒಳಗೆ ಇರಬೇಕು. ಈ ಅಂಕಿಗಳು ಅಂದಾಜು ಮಾತ್ರ. ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಎರವಲು ತಂದು ಜೋಡಿಸಿ ನೋಡುವುದೇ ನಂಬಬಹುದಾದ ಪರೀಕ್ಷೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು.

ಬಿಸಿ

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು, ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿದ ನಂತರವೇ ಒಳಗೆ ಕೈಯಿಡಬೇಕು. ಪ್ರೊಸೆಸರ್ ಮೇಲಿನ ಫ್ಯಾನ್ ಹೊರಗಿನಿಂದ ಚೊಕ್ಕವಾಗಿ ಕಂಡರೂ ಅದನ್ನು ಕಳಚಿದಾಗ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಧೂಳು ಬೂದುಬಣ್ಣದ ಕಂಬಳಿಯಂತೆ ಹೆಪ್ಪುಗಟ್ಟಿರುವುದು ಸಾಮಾನ್ಯ. ಗಾಳಿ ಒಳಗೆ ಇಳಿಯುವುದೇ ಇಲ್ಲ. ಮೆತ್ತನೆಯ ಬ್ರಶ್ ಹಾಗೂ ಬ್ಲೋಯರ್‌ನಿಂದ ಅದನ್ನು ತೆಗೆಯಬೇಕು. ಆಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡಿರಬೇಕು. ಹೀಟ್‌ಸಿಂಕ್ ಕಳಚಿದರೆ ಒಣಗಿದ ಥರ್ಮಲ್ ಪೇಸ್ಟ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೊಸ ಪೇಸ್ಟ್ ಅನ್ನು ಹೆಸರುಕಾಳಿನಷ್ಟು ಮಾತ್ರ ಹಾಕಬೇಕು. ಇಂಟೆಲ್‌ನ ಹಳೆಯ ಕೂಲರ್‌ಗಳಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಿರುತ್ತವೆ. ಒಂದು ಸಡಿಲವಾದರೂ ಹೀಟ್‌ಸಿಂಕ್ ಓರೆಯಾಗಿ ಬಿಸಿ ಏರುತ್ತದೆ. ಕೆಲಸ ಜೋರಾಗಿರುವಾಗಲೂ ತಾಪ 80 ಡಿಗ್ರಿ ಸೆಲ್ಸಿಯಸ್‌ನ ಒಳಗಿದ್ದರೆ ಚಿಂತೆಯಿಲ್ಲ. 90 ದಾಟಿ ಏರುತ್ತಿದ್ದರೆ ಮೂಲ ಸಿಕ್ಕಿತು ಎನ್ನಬಹುದು.

ಕ್ಯಾಬಿನೆಟ್ ತೆರೆದಿರುವಾಗಲೇ ಮದರ್‌ಬೋರ್ಡ್ ಮೇಲೆ ನಿಂತಿರುವ ಪುಟ್ಟ ಕೊಳವೆಯಾಕಾರದ ಕೆಪಾಸಿಟರ್‌ಗಳನ್ನೂ ಗಮನಿಸಬೇಕು. ಅವುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಬೋರ್ಡ್ ಕೆಡುತ್ತಿದೆ.

ರ್‍ಯಾಮ್, ಡಿಸ್ಕ್, ತಂತ್ರಾಂಶ

ರ್‍ಯಾಮ್ ಪಟ್ಟಿಗಳನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಅದೇ ಆಲ್ಕೊಹಾಲ್‌ನಿಂದ ಒರೆಸಿ ಗಟ್ಟಿಯಾಗಿ ಕೂರಿಸಬೇಕು. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಬೇಕು. ವಿಂಡೋಸ್ ಮೆಮರಿ ಡಯಾಗ್ನೋಸ್ಟಿಕ್ ಆರಂಭಕ್ಕೆ ಸಾಕು. ಖಚಿತವಾಗಬೇಕಾದರೆ ಪೆನ್‌ಡ್ರೈವ್‌ನಿಂದ ಓಡುವ ಮೆಮ್‌ಟೆಸ್ಟ್‌86 ಅನ್ನು ರಾತ್ರಿಯಿಡೀ ಬಿಡಬೇಕು. ಒಂದೇ ಒಂದು ದೋಷ ಬಂದರೂ ಆ ಪಟ್ಟಿಯನ್ನು ನಂಬುವಂತಿಲ್ಲ.

ಡಿಸ್ಕ್‌ನ ಸ್ಥಿತಿಯನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್‌ಗಳ ಸಂಖ್ಯೆ ದಿನೇದಿನೇ ಏರುತ್ತಿದ್ದರೆ ಡಿಸ್ಕ್ ಬದಲಿಸಬೇಕು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ತಂತ್ರಾಂಶದ ಸರದಿ. ಸೇಫ್ ಮೋಡ್‌ನಲ್ಲಿ ತೊಂದರೆ ಕಾಣದಿದ್ದರೆ ಇತ್ತೀಚೆಗೆ ಹಾಕಿದ ಡ್ರೈವರ್ ಅಥವಾ ಪ್ರೋಗ್ರಾಂ ತೆಗೆದು ನೋಡಬೇಕು, ಸಿಸ್ಟಮ್ ಫೈಲ್ ಚೆಕರ್ ಓಡಿಸಬೇಕು. ಫಾರ್ಮ್ಯಾಟ್ ಕೊನೆಯದು.

ಎಸ್‌ಎಂಪಿಎಸ್, ರ್‍ಯಾಮ್, ಯುಪಿಎಸ್ ಬ್ಯಾಟರಿಗೆ ಹಾಕುವ ದುಡ್ಡು ಹಳೆಯ ಯಂತ್ರದಲ್ಲೂ ದಂಡವಲ್ಲ. ಮದರ್‌ಬೋರ್ಡೇ ಹೋಗಿದ್ದರೆ ಅದೇ ಮಾದರಿಯ ಬೋರ್ಡ್ ಹುಡುಕಿ ಹಾಕುವುದು ಹೆಚ್ಚಿನವರಿಗೆ ಲಾಭದಾಯಕವಲ್ಲ. ಅಂಥ ಕಂಪ್ಯೂಟರ್‌ನ ಡಿಸ್ಕ್ ಚೆನ್ನಾಗಿದ್ದರೆ ಅದನ್ನು ಕಳಚಿ ಯುಎಸ್‌ಬಿ ಕೇಸ್‌ಗೆ ಹಾಕಿ ಹೊರ ಡಿಸ್ಕ್ ಆಗಿ ಬಳಸಬಹುದು.